ಮೂರನೆಯ ಸ್ಕೋನ್

ಸೆಂಗಾ ಡಾಲ್‌ಗ್ಲಿಶ್‌ಳ ಕಲೆಯ ಮೇಲೆ ಈವರೆಗೆ ಮೂರು ದಪ್ಪ ಪುಸ್ತಕಗಳು ಬಂದಿವೆ. ಮೂರನ್ನೂ ಬರೆದವನು ಎಡಿನ್‌ಬರೋದ ವಿಮರ್ಶಕ ಟಾರ್ಕಿಲ್ ಪ್ರಿಂಗಲ್. ಮೂರರಲ್ಲೂ ಅವನು ಹೇಳಿದ್ದು ಒಂದೇ: ಸೆಂಗಾಳ ವಸ್ತು 'ಇಲ್ಲದಿರುವುದು'. ಅಷ್ಟು ಹೇಳಲು ಸಾವಿರದ ಇನ್ನೂರು ಪುಟ ಯಾಕೆ ಬೇಕಾಯಿತು ಎಂದು ಕೇಳಬಾರದು. ವಿಮರ್ಶಕರೂ ಬದುಕಬೇಕಲ್ಲ.

ಅವನ ಮಾತೇನೂ ಸುಳ್ಳಲ್ಲ. ಗ್ಲಾಸ್ಗೋದ ಬೀದಿಗಳಲ್ಲಿ ಜನ ಕಳೆದುಕೊಂಡ ಒಂಟಿ ಕೈಗವಸುಗಳನ್ನು ನಾನೂರರಷ್ಟು ಹೆಕ್ಕಿ ತಂದು ಗೋಡೆಗೆ ತೂಗುಹಾಕಿ, ಪ್ರತಿಯೊಂದರ ಪಕ್ಕದಲ್ಲೂ ಜೋಡಿಯ ಜಾಗವನ್ನು ಖಾಲಿ ಬಿಟ್ಟದ್ದು ಅವಳ ಮೊದಲ ಪ್ರದರ್ಶನ. ನೋಡಲು ಬಂದ ಮುದುಕನೊಬ್ಬ ತನ್ನದನ್ನು ಗುರುತಿಸಿ, ಹಾಕಿಕೊಂಡು ಹೊರಟೇ ಹೋದ. ಆಮೇಲಿನದು ಚಿತ್ರವಿಲ್ಲದ ಮೊಳೆಗಳ ಸರಣಿ. ಅದಾದ ಮೇಲೆ 'ಬಾರದ ಬಸ್ಸು'. ಪ್ರದರ್ಶನಾಲಯದ ನಡುವೆ ಒಂದು ಬಸ್ ನಿಲ್ದಾಣ, ಒಂದು ಬೆಂಚು, ಮೇಲಿನಿಂದ ಸಣ್ಣಗೆ ಜಿನುಗುವ ಮಳೆ, ಕಾದು ಕುಳಿತ ಜನ. ಅದಕ್ಕೆ ದೇಶದ ದೊಡ್ಡ ಬಹುಮಾನ ಬಂತು. ಪತ್ರಿಕೆಗಳು ಹಾಡಿ ಹೊಗಳಿದವು. ಅವಳ ಹುಟ್ಟೂರು ಇನ್ವರ್‌ಡುಲ್ಲಿಯ ಜನ ಮಾತ್ರ, "ಅಯ್ಯೋ, ಇದನ್ನ ನಾವು ಇಲ್ಲಿ ದಿನಾ ನೋಡ್ತೀವಲ್ಲ" ಅಂದು ಸುಮ್ಮನಾದರು.

ಈ ಇಲ್ಲದಿರುವಿಕೆ ಅವಳಿಗೆ ಎಲ್ಲಿಂದ ಅಂಟಿಕೊಂಡಿತು ಎಂದು ಟಾರ್ಕಿಲ್ ಮೂರೂ ಪುಸ್ತಕಗಳಲ್ಲಿ ತಲೆ ಕೆರೆದುಕೊಂಡಿದ್ದಾನೆ. ಜಮೀನುದಾರರು ಒಕ್ಕಲೆಬ್ಬಿಸಿದ ಬೆಟ್ಟದ ಹಳ್ಳಿಗಳಿಂದಲೇ? ಮಂಜಿನಿಂದಲೇ? ದೇವರಿಂದಲೇ? ಸೆಂಗಾ ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸಿದ್ದಳು. ನಿಜವಾದ ಕಾರಣ ಹೇಳಲು ಅವಳಿಗೆ ನಾಚಿಕೆ. ಕಾರಣ ಒಂದು ಸ್ಕೋನ್.

ಒಂಬತ್ತು ವರ್ಷದವಳಿದ್ದಾಗ ಅವಳು ತಿಂಡಿ, ತರಕಾರಿ, ಕುರಿಗಳಿಗೆಲ್ಲ ಬಹುಮಾನ ಕೊಡುವ ಊರಿನ ಆಗಸ್ಟ್ ಪ್ರದರ್ಶನಕ್ಕೆ ಸ್ಕೋನ್, ಅಂದರೆ ಚಹಾದ ಜೊತೆ ತಿನ್ನುವ ಮೆತ್ತನೆಯ ಪುಟ್ಟ ಬನ್ನು, ಮಾಡಿ ಒಯ್ದಿದ್ದಳು. ಹಿಟ್ಟಿಗೆ ಬೆಣ್ಣೆ ತಿಕ್ಕಿ, ಮಜ್ಜಿಗೆ ಹಾಕಿ ಕಲಸಿ, ದುಂಡಗೆ ಕತ್ತರಿಸಿ, ಎಲ್ಲ ತಾನೇ ಮಾಡಿದ್ದು. ನಿಯಮ ಸರಳ: ಒಂದು ತಟ್ಟೆ, ಮೂರು ಸ್ಕೋನ್. ಅವಳು ಮೂರನ್ನೇ ಇಟ್ಟು ಬಂದಿದ್ದಳು. ಮಧ್ಯಾಹ್ನ ತೀರ್ಪು ಮುಗಿದು ಪ್ರದರ್ಶನದ ಡೇರೆಯ ಬಾಗಿಲು ತೆರೆದಾಗ ತಟ್ಟೆಯಲ್ಲಿ ಇದ್ದದ್ದು ಎರಡು. ಪಕ್ಕದಲ್ಲಿ ಒಂದು ಚೀಟಿ: 'ನಿಯಮದಂತಿಲ್ಲ'. ನಿಯಮದಂತಿಲ್ಲದ್ದನ್ನು ತೀರ್ಪುಗಾರರು ಬಾಯಿಗೂ ಹಾಕಿಕೊಳ್ಳುವುದಿಲ್ಲ. ಊರವರೆಲ್ಲ ಅವಳೇ ದಾರಿಯಲ್ಲಿ ತಿಂದಳೆಂದರು. ಶಾಲೆಯಲ್ಲಿ ಎರಡು ವರ್ಷ ಹೊಟ್ಟೆಬಾಕಿ ಎಂಬ ಹೆಸರು ನಿಂತಿತು. ಆ ಮೂರನೆಯದು ಇದ್ದಿದ್ದರೆ ಮೊದಲ ಬಹುಮಾನ ತನ್ನದೇ ಆಗಿತ್ತೆಂದು ಅವಳು ಐವತ್ತೆಂಟನೆಯ ವಯಸ್ಸಿನಲ್ಲೂ ನಂಬಿದ್ದಳು.

ಅವಳನ್ನು ಸಾಕಿ ಬೆಳೆಸಿದ ನೆಟ್ಟಿ ದೊಡ್ಡಮ್ಮನ ಅಡುಗೆಮನೆಯಲ್ಲಿ ಒಂದು ಗೋಡೆಯಿದೆ. ಮನೆಯವರು ಪ್ರದರ್ಶನದಲ್ಲಿ ಗಳಿಸಿದ ಚೀಟಿಗಳೆಲ್ಲ ಅದರ ಮೇಲೆ. ದೊಡ್ಡಮ್ಮನ ಜಾಮಿಗೆ ಬಂದ ಮೊದಲ ಬಹುಮಾನದ ಕೆಂಪು ಚೀಟಿಗಳು, ವಾಟ್ಟಿ ದೊಡ್ಡಪ್ಪನ ಟಗರಿನದು ('ಏಳನೆಯ ಸ್ಥಾನ, ಹಿಂಗಾಲು ಸೊಟ್ಟ'), ಅತಿ ಹೆಚ್ಚು ಬಾಲ ಅಲ್ಲಾಡಿಸಿದ್ದಕ್ಕೆ ನಾಯಿಗೆ ಬಂದದ್ದು. ಕೊನೆಯ ಸ್ಥಾನವಾದರೂ ಚಿಂತೆಯಿಲ್ಲ, ತೀರ್ಪುಗಾರರ ಕೈಬರಹವಿದ್ದರೆ ಸಾಕು, ಗೋಡೆಯಲ್ಲಿ ಜಾಗ ಸಿಗುತ್ತದೆ. 'ನಿಯಮದಂತಿಲ್ಲ' ಎಂದು ಬರೆಯುವವರು ಡೇರೆಯ ಮೇಲ್ವಿಚಾರಕರು. ಅದಕ್ಕೆ ಜಾಗವಿಲ್ಲ. ಐವತ್ತು ವರ್ಷದಿಂದ ಆ ಮೇಲ್ವಿಚಾರಕಿ ನೆಟ್ಟಿ ದೊಡ್ಡಮ್ಮನೇ. ನಾಯಿಗೂ ಇರುವ ಚೀಟಿ ಸೆಂಗಾಳಿಗಿರಲಿಲ್ಲ.

ಈ ಬೇಸಿಗೆಯಲ್ಲಿ ದೊಡ್ಡಮ್ಮ ಫೋನಿನಲ್ಲಿ, "ಗೋಡೇಲಿ ಇನ್ನೊಂದೇ ಒಂದು ಚೀಟಿಗೆ ಜಾಗ ಉಳಿದಿದೆ ಕಣೇ. ಅಲ್ಲಿಗೆ ಮುಗೀತು. ಬಹುಶಃ ವಾಟ್ಟಿಯ ಈರುಳ್ಳಿಗೆ ಬರುತ್ತೆ" ಅಂದಳು. ಸೆಂಗಾ ಫೋನ್ ಕುಕ್ಕಿದಳು. ಈರುಳ್ಳಿಯಂತೆ!

ಜುಲೈ ತಿಂಗಳಿಡೀ ಅವಳು ಗ್ಲಾಸ್ಗೋದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಸ್ಕೋನ್ ಸುಟ್ಟಳು. ಮೇಲಿನ ಮನೆಯವರು ಎರಡು ಸಲ ಅಗ್ನಿಶಾಮಕ ದಳವನ್ನು ಕರೆಸಿದರು. ರುಚಿ ನೋಡಿದ ಕಲಾವಿದ ಗೆಳೆಯರು "ದಿಟ್ಟ", "ರಾಜಿಯಿಲ್ಲದ್ದು" ಎಂದರು. ಪಾಪ, ಅವಳು ಅದನ್ನು ಹೊಗಳಿಕೆಯೆಂದೇ ತಿಳಿದಳು.

ಪ್ರದರ್ಶನದ ಬೆಳಿಗ್ಗೆ ಇನ್ವರ್‌ಡುಲ್ಲಿಯ ಮೈದಾನದಲ್ಲಿ ಅವಳು ಕಾರಿನಿಂದ ಇಳಿಯುವ ಹೊತ್ತಿಗೆ, ನಾರುಬಟ್ಟೆಯ ಕೋಟು ತೊಟ್ಟು, ಸಗಣಿಯ ಮೇಲೆ ಹುಷಾರಾಗಿ ಹೆಜ್ಜೆಯಿಡುತ್ತ ಟಾರ್ಕಿಲ್ ಎದುರಾದ. ಅವಳು ಹೊಸ ಕೃತಿಯೊಂದನ್ನು ಹಳ್ಳಿಯಲ್ಲಿ ಗುಟ್ಟಾಗಿ ಪ್ರದರ್ಶಿಸುತ್ತಾಳೆಂದು ಯಾರೋ ಅವನಿಗೆ ಸುಳಿವು ಕೊಟ್ಟಿದ್ದರು.

"ಇದೇನಾ ಅದು?" ಅವನು ತಟ್ಟೆಯೊಳಗೆ ಇಣುಕಿದ. ಮುಖ ಕಳೆಗುಂದಿತು. "ಸೆಂಗಾ, ಇದರಲ್ಲಿ ಎಲ್ಲಾ ಇದೆಯಲ್ಲ!"

"ಇರಬೇಕು. ಮೂರಿರಬೇಕು. ಅದೇ ನಿಯಮ."

"ಆದರೆ ನೀವು... ಇಷ್ಟು ವರ್ಷ... ಇದು ಸಂಪೂರ್ಣವಾಗಿದೆ!" ನಾಲ್ಕನೆಯ ಪುಸ್ತಕ ಅವನ ಕಣ್ಣೆದುರೇ ಮುಳುಗುತ್ತಿತ್ತು.

"ಬಡ್ಕೋಬೇಡ, ಇದನ್ನ ಹಿಡ್ಕೊಂಡು ಹೋಗಿ ಮೂವತ್ತೊಂದನೇ ನಂಬರಿನ ಮುಂದೆ ಇಟ್ಟು ಬಾ. ನಾನು ಅರ್ಜಿ ತುಂಬ್ತೀನಿ. ಒಂಬತ್ತು ಗಂಟೆಗೆ ಡೇರೆ ಮುಚ್ತಾರೆ" ಎಂದು ಸೆಂಗಾ ಅವನ ಕೈಗೆ ತಟ್ಟೆ ತುರುಕಿದಳು.

ಡೇರೆ ಮುಚ್ಚಿತು. ಒಳಗೆ ತೀರ್ಪುಗಾರ್ತಿ ವಿಲ್ಮಾ ಗೆಡ್ಡಿಸ್ ಮತ್ತು ನೆಟ್ಟಿ ದೊಡ್ಡಮ್ಮ ಇಬ್ಬರೇ. ವಿಲ್ಮಾ ಪಕ್ಕದ ಕಣಿವೆಯವಳು. ಯಾವ ತಟ್ಟೆ ಯಾರದೆಂದು ತಿಳಿಯಬಾರದೆಂದೇ ಹೊರಗಿನವರನ್ನು ಕರೆಸುತ್ತಾರೆ. ಸೆಂಗಾ ಹೊರಗೆ ಕುರಿಗಳ ದೊಡ್ಡಿಯ ಸುತ್ತ ಹದಿನೇಳು ಸುತ್ತು ಹಾಕಿದಳು. ದೇಶದ ಬಹುಮಾನದ ದಿನ ಅವಳು ಹಾಯಾಗಿ ಆಕಳಿಸಿದ್ದವಳು.

ಹನ್ನೆರಡೂವರೆಗೆ ಬಾಗಿಲು ತೆರೆಯಿತು. ಸೆಂಗಾ ಇಬ್ಬರು ಮುದುಕಿಯರನ್ನೂ ಒಂದು ತಳ್ಳುಕುರ್ಚಿಯನ್ನೂ ದಾಟಿಕೊಂಡು ನುಗ್ಗಿದಳು. ಮೂವತ್ತೊಂದನೆಯ ತಟ್ಟೆ. ಎರಡು ಸ್ಕೋನ್. 'ನಿಯಮದಂತಿಲ್ಲ'.

ಒಂದು ಕ್ಷಣ ಅವಳು ಒಂಬತ್ತು ವರ್ಷದವಳಾಗಿ ನಿಂತಳು. ಮರುಕ್ಷಣ ತಿರುಗಿ ನೋಡಿದರೆ ಟಾರ್ಕಿಲ್‌ನ ಮೀಸೆಯಲ್ಲಿ ತುಣುಕುಗಳು.

"ತಿಂದುಬಿಟ್ಯಲ್ಲೋ ಪಾಪಿ!"

"ಇದು ಚಹಾದಂಗಡಿಯ ಬಿಸ್ಕತ್ತು! ದೇವರಾಣೆ!"

"ಸುಳ್ಳು! 'ಸಂಪೂರ್ಣವಾಗಿದೆ' ಅಂತ ಅತ್ತೋನು ನೀನೇ. ನಿನ್ನ ಪುಸ್ತಕಕ್ಕೆ ಸರಿಹೋಗ್ಲಿ ಅಂತ ಒಂದು ನುಂಗಿದ್ದೀಯ!"

"ಸೆಂಗಾ, ನಾನು ನಿಮ್ಮ ಮೇಲೆ ಮೂರು ಪುಸ್ತಕ ಬರೆದವನು!"

"ಮೂರನೇ ಸ್ಕೋನ್ ತಿಂದೋನೂ ನೀನೇ! ಜೇಬು ತೆಗಿ!"

ಜೇಬು ತೆಗೆದ. ಗಂಟಲು ನೋವಿನ ಗುಳಿಗೆ, ಟಿಪ್ಪಣಿ ಪುಸ್ತಕ, ಅರ್ಧ ತಿಂದ ಬಾಳೆಹಣ್ಣು ಹುಲ್ಲಿನ ಮೇಲೆ ಹಾಸಿದ್ದ ಹಲಗೆಗಳಿಗೆ ಉದುರಿದವು. ಜನ ಸೇರಿದರು. ಜಾಮು ನೋಡುತ್ತಿದ್ದವರು ಜಾಮು ಬಿಟ್ಟು ಬಂದರು. "ಬಾಯಿ ವಾಸನೆ ನೋಡ್ರೋ" ಎಂದು ವಾಟ್ಟಿ ದೊಡ್ಡಪ್ಪ ಈರುಳ್ಳಿಗಳ ಕಡೆಯಿಂದ ಕೂಗಿದ. ಟಾರ್ಕಿಲ್‌ನ ಕಣ್ಣಲ್ಲಿ ನೀರೇ ಬಂತು.

"ಬಿಡೇ, ಪಾಪ, ಅವನನ್ನ ಬಿಡೇ" ಎಂದು ನೆಟ್ಟಿ ದೊಡ್ಡಮ್ಮ ನಡುವೆ ಬಂದಳು. ಎಂಬತ್ತಾರರ ಮುದುಕಿ ಅವನ ಗುಳಿಗೆ ಆರಿಸಿಕೊಡಲು ಕಷ್ಟಪಟ್ಟು ಬಗ್ಗಿದಳು. ಅವಳ ಏಪ್ರನ್ನಿನ ಜೇಬಿನಿಂದ ಏನೋ ಜಾರಿ ಹಲಗೆಯ ಮೇಲೆ ಠಕ್ಕೆಂದು ಬಿತ್ತು. ಬಿದ್ದದ್ದು ಒಡೆಯಲಿಲ್ಲ. ಉರುಳಿಕೊಂಡು ಜಾಮಿನ ಮೇಜಿನಡಿ ಹೋಗಿ ನಿಂತಿತು. ಯಾರದೋ ನಾಯಿ ಹತ್ತಿರ ಹೋಗಿ, ಮೂಸಿ, ವಾಪಸು ಬಂತು.

ಸ್ಕೋನ್.

"ದೊಡ್ಡಮ್ಮ?"

ನೆಟ್ಟಿ ದೊಡ್ಡಮ್ಮ ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿಕೊಂಡಳು. "ಎತ್ತಿ ನೋಡ್ದೆ ಕಣೇ. ಕೈಗೆ ತೂಕ ಗೊತ್ತಾಗುತ್ತಲ್ಲ. ವಿಲ್ಮಾ ಅವರದು ಹೊಸಾ ಹಲ್ಲಿನ ಸೆಟ್ಟು. ಒಂದು ಸ್ಕೋನ್ ತೆಗೆದ್ರೆ ರುಚಿ ನೋಡೋ ಹಂಗಿಲ್ಲ, ಏನೂ ಬರೆಯೋ ಹಂಗಿಲ್ಲ."

"ಆಗ... ನಾನು ಚಿಕ್ಕವಳಿದ್ದಾಗ?"

"ಆಗಲೂ ನಾನೇ. ಆ ವರ್ಷ ತೀರ್ಪಿಗೆ ಬಂದಿದ್ದವಳು ಇಲ್ಲೇ ಪರ್ತ್ ಕಡೆಯ ಒಬ್ಬಳು ಮಹಾತಾಯಿ. ಬರೆದದ್ದನ್ನೆಲ್ಲ ಮೈಕಿನಲ್ಲಿ ಓದ್ತಿದ್ಲು. ಅದರ ಹಿಂದಿನ ವರ್ಷ ಪೋಸ್ಟ್‌ಮ್ಯಾನ್ ಹೆಂಡತಿಯ ಕೇಕಿಗೆ ಏನು ಅಂದ್ಲೋ, ಆ ಹೆಂಗಸು ಗಂಟುಮೂಟೆ ಕಟ್ಕೊಂಡು ಕೆನಡಾಕ್ಕೇ ಹೋದ್ಲು. ನೀನು ಒಂಬತ್ತು ವರ್ಷದ ಮಗು. ಏನು ಮಾಡ್ಲಿ? ಜೇಬಿಗೆ ಹಾಕ್ಕೊಂಡೆ."

"ಊರೆಲ್ಲ ನನ್ನ ಹೊಟ್ಟೆಬಾಕಿ ಅಂತು!"

"ಹೊಟ್ಟೆಬಾಕಿ ಅಂದ್ರೆ ವಾಸಿ ಕಣೇ, ಚೆನ್ನಾಗಿ ತಿನ್ನೋಳು ಅಂತ. ಅಡುಗೆ ಬಾರದೋಳು ಅಂದ್ರೆ ಇಲ್ಲಿ ಬದುಕಕ್ಕಾಗುತ್ತಾ?"

ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತಿದ್ದ ಟಾರ್ಕಿಲ್ ಕ್ಷೀಣ ದನಿಯಲ್ಲಿ ಕೇಳಿದ: "ಮೇಡಂ, ಆ ಮೊದಲನೆಯದು... ಅದು ಈಗ ಎಲ್ಲಿದೆ?"

"ಕೋಳಿಗೆ ಹಾಕ್ದೆ ತಮ್ಮಾ. ಕೋಳಿ ಮುಟ್ಲಿಲ್ಲ. ಕೊಟ್ಟಿಗೆ ಬಾಗಿಲು ಗಾಳಿಗೆ ಬಡ್ಕೋತಿತ್ತು, ಅದಕ್ಕೆ ಒತ್ತಾಗಿ ಇಟ್ಟೆ. ಬಾಗಿಲು ಹೋಯ್ತು, ಅದು ಚೆನ್ನಾಗೇ ಇತ್ತು."

ಟಾರ್ಕಿಲ್ ಟಿಪ್ಪಣಿ ಪುಸ್ತಕ ತೆರೆದ, ಪೆನ್ನು ಹಿಡಿದ, ಏನೂ ಬರೆಯದೆ ಮುಚ್ಚಿದ.

ಸೆಂಗಾಳಿಗೆ ಕೋಪ ಉಕ್ಕಿ ಬಂತು. ಅದರ ಬೆನ್ನಿಗೇ ನಗು ಬಂತು. ನಾನೂರು ಕೈಗವಸು, ಅಷ್ಟೊಂದು ಮೊಳೆ, ಬಾರದ ಬಸ್ಸು, ತನ್ನ ಜೀವಮಾನದ ಕೆಲಸವೆಲ್ಲ ಈ ಮುದುಕಿಯ ಜೇಬಿನಿಂದ ಬಂದದ್ದು. ಏನೋ ಕಳೆದುಹೋಯಿತೆಂದು ಲೋಕಕ್ಕೆಲ್ಲ ಸಾರಿಕೊಂಡು ಬಂದಿದ್ದಳು, ಅದೆಲ್ಲ ನಡೆದದ್ದು ಇವಳ ಪ್ರೀತಿಯಿಂದ. ದೊಡ್ಡಮ್ಮನನ್ನು ತಬ್ಬಿಕೊಳ್ಳಬೇಕೋ ಉಗಿಯಬೇಕೋ ಅವಳಿಗೆ ತಿಳಿಯಲಿಲ್ಲ. ಎರಡನ್ನೂ ಬಿಟ್ಟು, ಮೇಜಿನಡಿ ತೂರಿ ಸ್ಕೋನನ್ನು ಎತ್ತಿ, ಸೆರಗಿಲ್ಲದ್ದರಿಂದ ಅಂಗಿಯ ತೋಳಿಗೇ ಒರೆಸಿ ತಟ್ಟೆಯಲ್ಲಿಟ್ಟಳು.

"ಈಗ ಮೂರಾಯ್ತು. ತೀರ್ಪು ಬೇಕು ನನಗೆ."

"ಬೇಡ ಕಣೇ" ಎಂದಳು ದೊಡ್ಡಮ್ಮ.

"ಬೇಕು. ಏನಾದ್ರೂ ಆಗ್ಲಿ."

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ವಿಲ್ಮಾ ಗೆಡ್ಡಿಸ್ ಬಟ್ಟಲು ಕೆಳಗಿಟ್ಟಳು. "ನೆಲಕ್ಕೆ ಬಿದ್ದದ್ದನ್ನ ನೋಡಬಹುದಾ? ನಿಯಮ ಏನು ಹೇಳುತ್ತೆ?"

ನಿಯಮ ಪುಸ್ತಕ ನೆಟ್ಟಿ ದೊಡ್ಡಮ್ಮನ ಕೈಯಲ್ಲೇ ಇತ್ತು. ಅವಳು ಪುಟ ತಿರುವಿದಳು. ಸುಳ್ಳು ಹೇಳಬಹುದಿತ್ತು, ಅವಳ ಮುಖ ನೋಡಿದರೆ ಹೇಳುವ ಆಸೆಯೂ ಇದ್ದಂತಿತ್ತು. ಆದರೆ ಊರಿನ ಎದುರು ನಿಂತು ಸುಳ್ಳು ಹೇಳುವ ಹೆಂಗಸಲ್ಲ ಅವಳು. "ಬಿದ್ದದ್ದರ ಬಗ್ಗೆ ಏನೂ ಬರೆದಿಲ್ಲ" ಎಂದಳು.

ವಿಲ್ಮಾ ಚಾಕು ತೆಗೆದುಕೊಂಡಳು. ಅದು ಇಳಿಯಲಿಲ್ಲ. ವಾಟ್ಟಿ ದೊಡ್ಡಪ್ಪ ತನ್ನ ಜೇಬುಚಾಕು ಕೊಟ್ಟ. ತುಂಡು ಮಾಡಿ, ಬಾಯಿಗಿಟ್ಟು, ಎಡದವಡೆಯಿಂದ ಬಲದವಡೆಗೆ, ಬಲದಿಂದ ಎಡಕ್ಕೆ ಸಾಗಿಸುತ್ತ ವಿಲ್ಮಾ ಬಹಳ ಹೊತ್ತು ಅಗಿದಳು. ಡೇರೆಗೆ ಡೇರೆಯೇ ಅವಳ ದವಡೆ ನೋಡುತ್ತಿತ್ತು. ಕೊನೆಗೆ ಚಹಾದ ನೆರವಿನಿಂದ ನುಂಗಿ, ಒಂದು ಬಿಳಿ ಚೀಟಿ ಎಳೆದುಕೊಂಡು ದುಂಡಗಿನ ಅಕ್ಷರಗಳಲ್ಲಿ ಬರೆದು ಸೆಂಗಾಳ ಕೈಗಿತ್ತಳು.

'ಮೂರೂ ಇವೆ. ಒಂದೂ ಬೇಕಿರಲಿಲ್ಲ. ಉಪ್ಪು ಎರಡು ಸಲ ಬಿದ್ದಿದೆ. ಸ್ಕೋನಿನ ಆರು ತಟ್ಟೆಗಳಲ್ಲಿ ಆರನೆಯ ಸ್ಥಾನ.'

ಸೆಂಗಾ ಓದಿದಳು. ಮತ್ತೆ ಓದಿದಳು. ನಗೋಣವೆಂದುಕೊಂಡಳು, ಎಲ್ಲರೂ ಅವಳು ನಗಲೆಂದೇ ಕಾಯುತ್ತಿದ್ದರು. ಆದರೆ ದೇಶದ ದೊಡ್ಡ ಬಹುಮಾನ ಪಡೆದವಳ ಕೆಳದುಟಿ ತಾನಾಗಿಯೇ ನಡುಗತೊಡಗಿತು. ಲಂಡನ್ನಿನ ಪತ್ರಿಕೆಗಳು ಅವಳ ಬಗ್ಗೆ ಏನೇನೋ ಬರೆದಿದ್ದವು, ಒಂದೂ ಹೀಗೆ ಚುಚ್ಚಿರಲಿಲ್ಲ.

ದೊಡ್ಡಮ್ಮ ಹತ್ತಿರ ಬಂದು ಅವಳ ಗಲ್ಲ ಹಿಡಿದು ಮೇಲೆತ್ತಿದಳು. "ಬೇಜಾರಾಯ್ತಾ?"

"ಆಯ್ತು ದೊಡ್ಡಮ್ಮ. ತುಂಬಾ ಆಯ್ತು."

"ಅದಕ್ಕೇ ಕಣೇ ತೆಗೆದದ್ದು" ಎಂದಳು ನೆಟ್ಟಿ ದೊಡ್ಡಮ್ಮ. ಆಮೇಲೆ ಚೀಟಿಯನ್ನು ಅವಳ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡು, ಮಡಿಕೆ ಬೀಳದಂತೆ ಎದೆಗೊತ್ತಿ ಹಿಡಿದು, ವಾಟ್ಟಿಯ ಈರುಳ್ಳಿಯ ಕಡೆ ತಿರುಗಿಯೂ ನೋಡದೆ ಮನೆಯ ಕಡೆ ಹೊರಟಳು.