ಕೆಳಗೊಂದು ಕೈ

ಅಹಲ್ಯಾ ಫ್ಯಾನಿನ ಸ್ವಿಚ್ ಒತ್ತಿದರು. ಪುಷ್ಪಾವತಿ ಎದ್ದುಹೋಗಿ ಮತ್ತೆ ಆರಿಸಿದರು.

"ಅತ್ತಿಗೆ, ಮೇ ತಿಂಗಳು. ಬಂದವರೆಲ್ಲ ಬೆವೀತಿದ್ದಾರೆ."

"ಬೆವರಲಿ. ಗಾಳಿಗೆ ಇವರ ಕಣ್ಣು ಒಣಗತ್ತಂತೆ. ಐ ಬ್ಯಾಂಕಿನವರು ಫೋನಲ್ಲಿ ಹೇಳಿದ್ದಾರೆ." ಗಂಡನ ರೆಪ್ಪೆಯ ಮೇಲಿನ ಒದ್ದೆ ಹತ್ತಿಯನ್ನು ಪುಷ್ಪಾವತಿ ಸರಿಪಡಿಸಿದರು.

ಹಿಂದಿ ಸೀಮೆಯ ಪೀತಮ್‌ಪುರದಲ್ಲಿ ದೋಸೆ ಹೋಟೆಲು ನಡೆಸುತ್ತಿದ್ದ ಸುಧಾಕರ ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಕಣ್ಣು ದಾನ ಕೊಡಬೇಕೆಂಬುದು ಅವರದೇ ಆಸೆ.

"ತಂಗಿಯ ಮುಖವೇ ಕಾಣದ ಕಣ್ಣು ಯಾರಿಗೆ ಬೇಕು ಅತ್ತಿಗೆ? ಬಂದವರು ಬೇಡ ಅಂತ ಎದ್ದುಹೋದರೆ ಅಣ್ಣನಿಗೆ ಸತ್ತ ಮೇಲೂ ಅವಮಾನ."

ಪುಷ್ಪಾವತಿಗೂ ಅದೇ ಹೆದರಿಕೆ.

* * *

ಮನೆಯೆದುರು ಮೆಟ್ರೋ ಓಡತೊಡಗಿದ ವರ್ಷವೇ ಸುಧಾಕರರ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಡಾಕ್ಟರು ಮೊದಲು ರಕ್ತ ನೋಡಿದರು. ರಕ್ತ ತೀರಾ ಕಮ್ಮಿ. ಸೊರಗಿದ ಕಣ್ಣಿಗೆ ಅದು ಇನ್ನೂ ಕೆಟ್ಟದ್ದು ಎಂದರು.

ಸುಧಾಕರ ಮನೆಗೆ ಬಂದು ಹೆಂಡತಿಗೆ ಪಾಠ ಹೇಳಿದರು. "ರಕ್ತ ಅಂದ್ರೆ ಸಪ್ಲಾಯರ್ ಮಾರಾಯ್ತಿ. ಸಪ್ಲಾಯರೇ ಇಲ್ಲದಿದ್ರೆ ಮೂಲೆ ಟೇಬಲ್ಲಿಗೆ ದೋಸೆ ಹೋಗೋದು ಹೇಗೆ?"

ಇಷ್ಟೆಲ್ಲ ತಿಳಿದ ಮನುಷ್ಯ ಕಬ್ಬಿಣದ ಮಾತ್ರೆಯನ್ನು ಫಿಲ್ಟರ್ ಕಾಫಿಯ ಜೊತೆಗೇ ನುಂಗುತ್ತಿದ್ದರು. ಕಾಫಿ ಕುಡಿದರೆ ಮಾತ್ರೆ ಮೈಗೆ ಹತ್ತುವುದಿಲ್ಲ ಎಂದು ಡಾಕ್ಟರು ಬೈದ ಮೇಲೆ ಲಿಂಬೆ ಪಾನಕಕ್ಕೆ ಬಂದರು, ಸಕ್ಕರೆಯಿಲ್ಲದ್ದು. ಕುಡಿಯುವಾಗೆಲ್ಲ ಮುಖ ಹಿಂಡುತ್ತಿದ್ದರು. ರಕ್ತ ಏರಿತು. ಹೋದ ದೃಷ್ಟಿ ಬರಲಿಲ್ಲ.

ಆದರೂ ಗಲ್ಲಾಪೆಟ್ಟಿಗೆ ಬಿಡಲಿಲ್ಲ. ಸಾಂಬಾರಿನ ಪಾರ್ಸೆಲ್ ಹೊರಟ ಸದ್ದಿಗೇ ಕೂಗುತ್ತಿದ್ದರು. "ಸೀಧಾ ಪಕಡ್‌ನಾ ಭಯ್ಯಾ. ನೀಚೆ ಹಾಥ್ ರಖೋ." ಪಾರ್ಸೆಲನ್ನು ನೆಟ್ಟಗೆ ಹಿಡಿದು ಕೆಳಗೊಂದು ಕೈ ಇಡದೆ ಯಾವ ಗಿರಾಕಿಯೂ ಅವರ ಬಾಗಿಲು ದಾಟುವಂತಿರಲಿಲ್ಲ.

* * *

ಐ ಬ್ಯಾಂಕಿನ ತರುಣ ಟಾರ್ಚು ಹಾಕಿ ನೋಡಿ, ಮಗ ಸುಮಿತ್‌ನ ಬಳಿ ಮೆಲ್ಲಗೆ ಮಾತಾಡಿದ. ಪುಷ್ಪಾವತಿ ಸೆರಗು ಬಿಗಿಯಾಗಿ ಹಿಡಿದುಕೊಂಡು ಕಾದರು.

ಸುಮಿತ್ ಅಹಲ್ಯಾ ಕಡೆ ತಿರುಗಿದ. "ಅತ್ತೆ, ಹಿಂದಿನ ಪರದೆ ಮಾತ್ರ ಖರಾಬ್ ಆಗಿತ್ತಂತೆ. ಮುಂದೆ ಗಾಜಿನ ಥರ ಇರತ್ತಲ್ಲ, ವೋ ಏಕ್‌ದಮ್ ಸಾಫ್. ತಗೋತಾರೆ."

ಪುಷ್ಪಾವತಿಗೆ ಆ ದಿನ ಅಳು ಬಂದದ್ದು ಆಗಲೇ. ಅಹಲ್ಯಾ ಅವರನ್ನು ತಬ್ಬಿಕೊಂಡರು.

ಕೆಲಸ ಮುಗಿಯಿತು. ಸುಮಿತ್ ಫ್ಯಾನು ಹಾಕಿದ. ತರುಣ ಐಸಿನ ಪುಟ್ಟ ಡಬ್ಬಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿಯತೊಡಗಿದ. ಪುಷ್ಪಾವತಿ ಬಾಗಿಲಿಗೆ ಓಡಿದರು.

"ಸೀಧಾ ಪಕಡ್‌ನಾ ಭಯ್ಯಾ. ನೀಚೆ ಹಾಥ್ ರಖೋ."

ಆತ ನಿಂತ. ಡಬ್ಬಿಯನ್ನು ಕಂಕುಳಿನಿಂದ ತೆಗೆದು, ಕೆಳಗೊಂದು ಕೈಯಿಟ್ಟು, ಒಂದೊಂದೇ ಮೆಟ್ಟಿಲು ಇಳಿದ.