ಇಲ್ಲದ ಹಾಳೆಯನ್ನು ಓದಿದ ಪೂಜಾ

ಬೆಳಂಬಾರದ ನಾಗಿ ಅಜ್ಜಿಗೆ ಸಂಜೆಯಾದರೆ ಒಂದೇ ಸಡಗರ. ಜಗಲಿಯಲ್ಲಿ ಕಾಲು ಚಾಚಿ ಕೂತು, ಮರುದಿನ ಅಂಕೋಲೆ ಪೇಟೆಗೆ ಒಯ್ಯುವ ಹರಿವೆ ಸೊಪ್ಪನ್ನು ಕಟ್ಟು ಕಟ್ಟುತ್ತ, ಮೊಮ್ಮಗಳು ಪೂಜಾ ಪಾಠ ಓದುವುದನ್ನು ಕೇಳುವುದು. ಐದನೇ ತರಗತಿಯ ಹುಡುಗಿ ಎಲ್ಲೂ ತಡವರಿಸದೆ ನೀರು ಹರಿದ ಹಾಗೆ ಓದುತ್ತಿದ್ದಳು. ಅಜ್ಜಿಗೆ ಅಕ್ಷರ ಬಾರದು. ಹೆಮ್ಮೆ ಪಡಲು ಅಕ್ಷರ ಯಾಕೆ ಬೇಕು ಹೇಳಿ? ಪೇಟೆಯಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ, "ನಮ್ಮ ಕೂಸು ಓದೂಕೆ ಕೂತ್ರೆ ಶಾಲೆ ಅಕ್ಕೋರೂ ಬಾಯಿ ಮುಚ್ಚಿ ಕೇಳ್ಬೇಕು" ಎಂದು ಹೇಳಿ ಹೇಳಿ ಅವರ ತಲೆ ತಿನ್ನುತ್ತಿದ್ದಳು.

ಒಂದು ಸಂಜೆ ಮಗ ಹರೀಶ ಗಾರೆ ಕೆಲಸ ಮುಗಿಸಿ ಬೇಗ ಬಂದ. ಅವನು ಏಳನೇ ತರಗತಿ ಓದಿದವನು. ಮಗಳ ಬೆನ್ನ ಹಿಂದೆ ನಿಂತು ಪುಸ್ತಕ ಇಣುಕಿದ. ಪೂಜಾ ಏಡಿಯ ಮದುವೆಯ ಪಾಠ ಓದುತ್ತಿದ್ದಳು. ದಿಬ್ಬಣ ಬಂತು, ಊಟ ಬಡಿಸಿದರು, ಪಾಯಸ ಸಾಲದೆ ಬೀಗರಿಗೆ ಸಿಟ್ಟು ಬಂತು. ಕೇಳುತ್ತ ಕೇಳುತ್ತ ಹರೀಶನ ಹುಬ್ಬು ಗಂಟಾಯಿತು.

"ಏ ಪೂಜಾ, ನಿಲ್ಲು ನಿಲ್ಲು. ಈ ಪಾಯಸದ ಸುದ್ದಿ ಎಲ್ಲಿ ಅದೆ? ಇಲ್ಲಿ ದಿಬ್ಬಣ ಬಂತು ಅಂತದೆ. ಅದ್ರ ಎದ್ರಿಗೆ ಬೇರೆ ಪಾಠವೇ ಶುರುವಾಗದೆ. ನಡುವಿನ ಹಾಳೆಯೇ ಇಲ್ವಲ್ಲ!"

ನಾಗಿ ಮೆಲ್ಲಗೆ ತನ್ನ ಎಲೆಯಡಿಕೆ ಕವಳದ ಚೀಲವನ್ನು ಸೆರಗಿನಡಿಗೆ ಸರಿಸಿದಳು. ಹೊಗೆಸೊಪ್ಪು ಸುತ್ತಿಡಲು ಆ ಹಾಳೆ ಹರಿದವಳು ಅವಳೇ. ಒಂದು ಹಾಳೆ ಹೋದರೆ ಏನು ಮಹಾ, ಪುಸ್ತಕ ಅಷ್ಟು ದಪ್ಪ ಇದೆಯಲ್ಲ ಎಂದುಕೊಂಡಿದ್ದಳು. ಆದರೆ ಹರೀಶ ಹುಡುಕುತ್ತಿದ್ದದ್ದು ಹಾಳೆಯನ್ನಲ್ಲ. ಅವನು ಬೇರೊಂದು ಪಾಠ ತೆಗೆದು ನಡುವಿನ ಒಂದು ಪದದ ಮೇಲೆ ಬೆರಳಿಟ್ಟ.

"ಇದೆಂತದು? ಹೇಳು."

ಪೂಜಾ ಪುಸ್ತಕದ ಮೇಲೆ ಬಗ್ಗಿದಳು. ಕಿವಿ ಕೆಂಪಾಯಿತು. "ಮ..." ಎಂದಳು. ಮುಂದೆ ಹೋಗಲಿಲ್ಲ. ಇನ್ನೊಂದು ಪದ ತೋರಿಸಿದ, ಅದೂ ಇಲ್ಲ. ಕಡೆಗೆ ಬಿಕ್ಕಿ ಬಿಕ್ಕಿ ಅಳುತ್ತ ಎಲ್ಲ ಹೇಳಿದಳು. ಶಾಲೆಗೆ ಹೋಗುವ ದಾರಿಯಲ್ಲಿ ಗೆಳತಿ ಚಂದನಾ ಪಾಠವನ್ನು ಗಟ್ಟಿಯಾಗಿ ಓದುತ್ತಾಳೆ, ಇವಳು ಕೇಳಿ ಹಿಡಿದಿಟ್ಟುಕೊಳ್ಳುತ್ತಾಳೆ. ಯಾವ ಚಿತ್ರ ಬಂದಾಗ ಹಾಳೆ ಮಗುಚಬೇಕು ಎಂಬುದೂ ಗೊತ್ತು.

ಎಂಥ ಕೂಸು ನೋಡಿ! ಇಡೀ ಪುಸ್ತಕ ತಲೆಯೊಳಗೆ, ಕಣ್ಣೆದುರಿನ ಒಂದು ಪದ ಮಾತ್ರ ಕೈಗೆ ಸಿಗದು. ಮನೆಯವರನ್ನೂ ದೂರುವಂತಿಲ್ಲ. ಗದ್ದೆ ನೆಡುವಾಗ ನಾಗಿ ಒಂದು ಸಾಲು ಹಾಡಿದರೆ ಉಳಿದವರು ತಿರುಗಿ ಹಾಡುವ ಬಳಗ ಅದು. ಹಾಡು, ಕಥೆ, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು ಎಂಬ ಸುದ್ದಿ, ಎಲ್ಲವೂ ಬಾಯಿಂದ ಬಾಯಿಗೆ ಬಂದದ್ದೇ. ಅಂಥ ಮನೆಯಲ್ಲಿ ಬಾಯಿಪಾಠ ಯಾವುದು, ಓದು ಯಾವುದು ಎಂದು ಯಾರು ಬೇರೆ ಮಾಡಿ ನೋಡುತ್ತಾರೆ?

ಹರೀಶನಿಗೆ ಮಾತ್ರ ಮೈಯೆಲ್ಲ ಉರಿಯಿತು. "ಇಷ್ಟು ವರ್ಷ ನಮ್ಗೆಲ್ಲ ಮಂಕುಬೂದಿ ಎರಚಿದ್ಯಲ್ಲೇ! ಈ ವರ್ಷಕ್ಕೆ ಸಾಕು ಶಾಲೆ. ಬೇಸ್ಗೆ ಕಳೆದ್ಮೇಲೆ ಅಜ್ಜಿ ಸಂಗ್ತಿಗೆ ಸೊಪ್ಪು ಮಾರೂಕೆ ಹೋಗು."

"ಬರೂದಿಲ್ಲ ಅಂದ್ರೆ ಬಿಡಿಸೂದೇ ಮದ್ದಾ?" ಎಂದಳು ಅವನ ಹೆಂಡತಿ ನಂದಿನಿ.

ನಾಗಿ ಮಗನ ಪಕ್ಷ ವಹಿಸಿದಳು. "ಹೋಗ್ಲಿ ಬಿಡೆ. ನಾ ಎಂತ ಓದಿದ್ದೆ? ಬದುಕಲಿಲ್ವಾ?" ಬಾಯಲ್ಲಿ ಹಾಗೆಂದಳು. ಆದರೆ ಕೂಸಿನ ಮುಖ ನೋಡಿ ಅದರ ಕಣ್ಣೀರನ್ನು ಸೆರಗಿನಿಂದ ಒರೆಸಿದಳು. ಅವಳಿಗೆ ಆ ರಾತ್ರಿ ಅನ್ನ ಸೇರಲಿಲ್ಲ.

ಪಕ್ಕದ ಮನೆಯ ಲತಾ ಅಂಗನವಾಡಿ ಕಾರ್ಯಕರ್ತೆ. ಅವಳ ಕಿವಿಗೆ ಸುದ್ದಿ ಬಿದ್ದದ್ದೇ ತಡ, ಅದೇ ವಾರ ಒಬ್ಬಳನ್ನು ಕರೆದುಕೊಂಡು ಬಂದಳು. ಮಾಜಾಳಿಯ ದೀಪಾಲಿ. ಮನೆಮಾತು ಕೊಂಕಣಿ. ಓದು, ನೆನಪು, ಲೆಕ್ಕ, ಈ ಮೂರೂ ಮನುಷ್ಯರ ತಲೆಯಲ್ಲಿ ಹೇಗೆ ನಡೆಯುತ್ತವೆ ಎಂದು ಸಂಶೋಧನೆ ಮಾಡುವವಳು. ಅದಕ್ಕಾಗಿ ಕಾರವಾರ, ಅಂಕೋಲೆಯ ಶಾಲೆಗಳನ್ನು ಸುತ್ತುತ್ತಿದ್ದಳು.

"ತಲೆಯೊಳಗೆ ಹೊಕ್ಕು ನೋಡ್ತೀಯೇನೆ ತಂಗಿ?" ಎಂದು ನಾಗಿ ಕೇಳಿದಳು.

"ಹೊಗೂಕಾಗೂದಿಲ್ಲ ಅಜ್ಜಿ. ಹೊರಗೇ ಕೂತು ಆಟ ಆಡಿಸಿ ತಿಳ್ಕೊಳ್ತೇನೆ" ಎಂದು ದೀಪಾಲಿ ನೆಲದ ಮೇಲೆಯೇ ಕೂತಳು.

ಮೊದಲು ಚಿಪ್ಪಿನ ಎರಡು ರಾಶಿ ಮಾಡಿ, ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿ ಬಟ್ಟೆ ಮುಚ್ಚಿದಳು. ಯಾವುದು ಹೆಚ್ಚು? ಪೂಜಾ ತಟ್ಟನೆ ಸರಿಯಾಗಿ ಹೇಳಿದಳು. ಮತ್ತೆ ಮತ್ತೆ ಮಾಡಿದರೂ ಸರಿಯೇ. ಆಮೇಲೆ ದೀಪಾಲಿ ಕೇಳಿದಳು, "ಮರಳು ಅಂತ ಹೇಳು. ಅದ್ರಲ್ಲಿ 'ಮ' ತೆಗೆದ್ರೆ ಏನು ಉಳೀತದೆ?"

ಪೂಜಾ ತುಂಬ ಯೋಚಿಸಿದಳು. "ಸಮುದ್ರ?" ಎಂದಳು.

ಲತಾ ಗೊಳ್ಳೆಂದು ನಕ್ಕಳು. ದೀಪಾಲಿ ನಗಲಿಲ್ಲ. ಅರ್ಥವಿಲ್ಲದ ಬಿಡಿ ಬಿಡಿ ಸದ್ದುಗಳನ್ನು ಹೇಳಿ, ತಿರುಗಿ ಹೇಳು ಎಂದಳು. ಏಡಿಯ ಮದುವೆಯನ್ನು ಪೂರ್ತಿ ಹೊತ್ತುಕೊಂಡಿದ್ದ ಕೂಸು ಅಷ್ಟಕ್ಕೇ ಎಡವಿತು.

"ನೋಡಿ ಅಜ್ಜಿ, ಅರ್ಥ ಇದ್ದದ್ದು, ರಾಗ ಇದ್ದದ್ದು ಇವ್ಳ ತಲೆಯಲ್ಲಿ ಗಟ್ಟಿಯಾಗಿ ನಿಲ್ತದೆ. ಮಾತನ್ನು ಸದ್ದು ಸದ್ದಾಗಿ ಬಿಡಿಸೂದು ಮಾತ್ರ ಕಷ್ಟ. ಅದು ಬರದೆ ಅಕ್ಷರಕ್ಕೂ ಸದ್ದಿಗೂ ಗಂಟು ಹಾಕೂಕಾಗೂದಿಲ್ಲ. ಇದು ಡಿಸ್ಲೆಕ್ಸಿಯಾ ಅನ್ನೋ ಓದಿನ ತೊಡಕು ಇರ್ಬಹುದು. ಮೊದ್ಲು ಕಣ್ಣು, ಕಿವಿ ತೋರಿಸ್ವ. ಪೂರ್ತಿ ಪರೀಕ್ಷೆ ಆಗದೆ ಗಟ್ಟಿಯಾಗಿ ಹೇಳೂದು ಸರಿಯಲ್ಲ. ಸೋಮಾರಿತನ ಅಂತೂ ಅಲ್ಲ. ದಡ್ಡತನವೂ ಅಲ್ಲ."

ಬಾಗಿಲಿಗೆ ಒರಗಿ ನಿಂತಿದ್ದ ಹರೀಶ ಗೊಣಗಿದ. "ಎಲ್ಲರ ಮಕ್ಕಳಿಗೂ ಬತ್ತದೆ. ಇವ್ಳಿಗೆ ಮಾತ್ರ ಎಂತ ಕಷ್ಟ ಅಕ್ಕೋರೆ?"

ದೀಪಾಲಿ ವಾದ ಮಾಡಲಿಲ್ಲ. ಪೂಜಾಳ ಪುಸ್ತಕದ ಒಂದು ಹಾಳೆಯ ಫೋಟೋ ತೆಗೆದು, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿ, ಫೋನನ್ನು ಅವನ ಕೈಗಿತ್ತಳು. "ಸ್ವಲ್ಪ ಓದಿ. ಬೇಗ ಬೇಗ."

ಹರೀಶ ಓದತೊಡಗಿದ. ಒಂದು ಅಕ್ಷರಕ್ಕೆ ನಿಂತ, ಮುಂದಿನದಕ್ಕೆ ಎಡವಿದ, ಹಿಂದಿನದು ಮರೆಯಿತು. ಹಣೆಯಲ್ಲಿ ಬೆವರೊಡೆಯಿತು. "ಬೇಗ ಓದಾ, ಏಳ್ನೇತ್ತಿ ಪಾಸಾದವ!" ಎಂದು ನಾಗಿ ಕಾಲೆಳೆದಳು. ಹೇಗೋ ಎರಡು ಸಾಲು ದಾಟಿದ.

"ಈಗ ಹೇಳಿ, ಅದ್ರಲ್ಲಿ ಏನದೆ?"

"ಓದೂದ್ರಲ್ಲೇ ಜೀವ ಹೋಯ್ತು. ಏನದೆ ಅಂತ ಯಾರು ನೋಡ್ತಾರೆ ಮಾರಾಯ್ತಿ!"

"ನಿಮ್ಮ ಮಗಳಿಗೆ ಅಕ್ಷರ ಹೀಗೆ ಉಲ್ಟಾ ಕಾಣ್ತದೆ ಅಂತಲ್ಲ ಅಣ್ಣಾ. ಅವಳು ಪಡೂ ಪಾಡು ಇಷ್ಟು ಅದೆ. ಅದೂ ದಿನಾ. ಅದ್ರ ಮೇಲೆ ಬೈಗಳ ಬೇರೆ."

ಹರೀಶ ಫೋನು ಹಿಂದಕ್ಕೆ ಕೊಟ್ಟ. ಮಗಳ ಕಡೆ ನೋಡಿದ. ಪಾಪ, ಅವನ ಕಣ್ಣಲ್ಲಿ ನೀರಾಡಿತು.

ನಾಗಿಗೆ ಇನ್ನೂ ಒಂದು ಬಗೆಹರಿಯದ ಸಂಶಯ. "ತಂಗಿ, ಮಾತು ತಾನಾಗೇ ಬಂತು. ಹೆಚ್ಚು ಯಾವ್ದು, ಕಡ್ಮೆ ಯಾವ್ದು ಅಂತ ಹೇಳೂಕೂ ಬಂತು. ಓದು ಮಾತ್ರ ಯಾಕೆ ಬರ್ಲಿಲ್ಲ?"

"ಒಳ್ಳೆ ಪ್ರಶ್ನೆ ಕೇಳಿದ್ರಿ! ಹೆಚ್ಚು ಕಡಿಮೆ ತಿಳಿಯೂದು ಮಾತು ಬಾರದ ಶಿಶುವಿಗೂ ಸ್ವಲ್ಪ ಇರ್ತದೆ. ಮಾತೂ ನಮ್ಮ ಸುತ್ತ ಇದ್ದವರ ಬಾಯಿ ಕೇಳಿ ಬರ್ತದೆ. ಓದನ್ನು ಮಾತ್ರ ಯಾರೂ ಹುಟ್ಟುವಾಗ ತರೂದಿಲ್ಲ. ಬರವಣಿಗೆ ಹುಟ್ಟಿದ್ದೇ ಕೆಲವು ಸಾವಿರ ವರ್ಷದ ಹಿಂದೆ. ಅದಕ್ಕೆ ಅಂತ ತಲೆಯಲ್ಲಿ ಜಾಗ ಮೀಸಲಿಲ್ಲ. ಮುಖ, ಮರ, ಮೀನು ಗುರುತಿಸುವ ಜಾಗದ ಪಕ್ಕದಲ್ಲೇ ಸ್ವಲ್ಪ ಜಾಗ ಮಾಡಿಕೊಂಡು, ಅಲ್ಲಿಂದ ಸದ್ದಿಗೆ, ಸದ್ದಿನಿಂದ ಅರ್ಥಕ್ಕೆ ಪ್ರತಿಯೊಂದು ಮಗುವೂ ಹೊಸದಾಗಿ ದಾರಿ ಕಡಿಬೇಕು. ಯಾರ ದಾರಿಯೂ ಇನ್ನೊಬ್ಬರಿಗೆ ಸಿಗೂದಿಲ್ಲ. ಕೆಲವರಿಗೆ ಆ ದಾರಿ ಕಡಿಯೂಕೆ ಜಾಸ್ತಿ ಹೊತ್ತು ಬೇಕು."

ನಾಗಿ ಕವಳ ಅಗಿಯುವುದನ್ನೇ ಮರೆತಳು. ದಿನವೂ ಹೆಗಲ ಮೇಲೆ ಚೀಲ ಹಾಕಿ ಶಾಲೆಗೆ ಹೋಗುವ ಆ ಚಿಳ್ಳೆಪಿಳ್ಳೆಗಳೆಲ್ಲ ತಲೆಯೊಳಗೆ ದಾರಿ ಕಡಿಯುತ್ತಿದ್ದಾರೆಯೇ? ಸದ್ದಿಲ್ಲದೆ? ಯಾರಿಗೂ ಕಾಣದೆ? ಅಬ್ಬಬ್ಬಾ! ಅವಳಿಗೆ ಮೈ ಜುಮ್ಮೆಂದಿತು. ಮೊಮ್ಮಗಳನ್ನು ಹತ್ತಿರ ಎಳೆದು ಅವಳ ತಲೆಯ ಮೇಲೆ ಅಂಗೈ ಇಟ್ಟಳು.

"ನನ್ನಂಥ ಮುದ್ಕಿಗೂ ಆಗ್ತದೇನೆ?"

"ದೊಡ್ಡವರಾದ ಮೇಲೆ ಓದು ಕಲಿತವರ ತಲೆಯೂ ಬದಲಾಗ್ತದೆ ಅಜ್ಜಿ. ಅದನ್ನು ಪರೀಕ್ಷೆ ಮಾಡಿ ಕಂಡವರಿದ್ದಾರೆ."

ಹರೀಶ ಬಂದು ಮಗಳ ಪಕ್ಕ ಕೂತ. "ಬೇಸ್ಗೆ ರಜೆ ಮುಗೀವರೆಗೆ ನೋಡ್ವ. ಬಂದ್ರೆ ಶಾಲೆ. ಇಲ್ದಿದ್ರೆ ನಂಗೆ ಎಂತ ಹೇಳೂಕೂ ತಿಳಿಯೂದಿಲ್ಲ."

ಕಣ್ಣು, ಕಿವಿ ಸರಿಯಾಗಿಯೇ ಇದ್ದವು. ಪರೀಕ್ಷೆಗಳೆಲ್ಲ ಮುಗಿದು ಓದಿನ ತೊಡಕೇ ಹೌದು ಎಂದಾಯಿತು. ಗುಳಿಗೆ ಇಲ್ಲ, ಸೂಜಿ ಇಲ್ಲ. ದಿನಾ ಸ್ವಲ್ಪ ಹೊತ್ತು, ಬೇಸರ ಬರುವ ಮೊದಲೇ ನಿಲ್ಲಿಸುವಷ್ಟು. ಲತಾ ಬಂದು ಮಾತನ್ನು ಚಪ್ಪಾಳೆ ತಟ್ಟಿ ತುಂಡು ಮಾಡಿಸುತ್ತಿದ್ದಳು. ಪೂಜಾ ಉಸುಕಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತ ಅದರ ಸದ್ದನ್ನೂ ಹೇಳುತ್ತಿದ್ದಳು. ನಂದಿನಿ ಜೊತೆಗೆ ಕೂತು ಓದುತ್ತಿದ್ದಳು. ಶಾಲೆಯ ಮಾಸ್ತರರೂ ಬರೆಯಲು ಹೆಚ್ಚು ಸಮಯ ಕೊಟ್ಟರು. ಕೆಲವು ದಿನ ಕಲಿತದ್ದು ಮರುದಿನ ಮಾಯ. ಆಗ ಪೂಜಾ ಸಿಟ್ಟಿನಿಂದ ಉಸುಕನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತಿದ್ದಳು. ಬೈಯುವುದನ್ನು ಮಾತ್ರ ಮನೆಯವರು ಬಿಟ್ಟಿದ್ದರು. ನಾಗಿಗೆ ಅದು ಎಷ್ಟು ಕಷ್ಟವಾಯಿತು ಎಂಬುದು ಅವಳ ನಾಲಿಗೆಗೇ ಗೊತ್ತು.

ರಜೆಯ ಕೊನೆಯಲ್ಲಿ ಒಂದು ಮಧ್ಯಾಹ್ನ ಅಜ್ಜಿ, ಮೊಮ್ಮಗಳು ಖಾಲಿ ಬುಟ್ಟಿ ಹಿಡಿದು ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು. ಬಸ್ಸು ಬಂತು. ಎಂದಿನ ಜಾಗಕ್ಕೇ ಬಂತು, ಬಾಗಿಲಲ್ಲಿ ಎಂದಿನ ಕಂಡಕ್ಟರನೇ ನಿಂತಿದ್ದ. "ನಮ್ದೇ, ಹತ್ತೆ ಬೇಗ!" ಎಂದು ನಾಗಿ ನುಗ್ಗಿದಳು. ಪೂಜಾ ಅಜ್ಜಿಯ ಸೆರಗು ಹಿಡಿದು ನಿಂತುಬಿಟ್ಟಳು. ಬಸ್ಸಿನ ಬೋರ್ಡನ್ನೇ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು.

"ಮಂ... ಜ... ಗು... ಣಿ. ಅಜ್ಜಿ, ಇದು ಮಂಜಗುಣಿಗೆ ಹೋಗೂದು. ನಮ್ದಲ್ಲ!"

"ಯಾರೇ ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ."

ನಾಗಿ ಕಂಡಕ್ಟರನನ್ನು ಕೇಳಿದಳು. ಹೌದು, ಇವತ್ತು ಮಂಜಗುಣಿಗೇ.

ನಾಗಿ ಅಲ್ಲೇ ಬುಟ್ಟಿ ಕೆಳಗಿಟ್ಟು ಕೂತುಬಿಟ್ಟಳು. ಅವಳ ಇಡೀ ಬಾಳಿನಲ್ಲಿ ತಿಳಿದದ್ದೆಲ್ಲ ಯಾರದೋ ಬಾಯಿಂದ ಬಂದದ್ದು. ಇಲ್ಲಿ ಯಾರೂ ಬಾಯಿ ತೆರೆಯಲಿಲ್ಲ, ಆದರೂ ಕೂಸಿಗೆ ತಿಳಿಯಿತು. ಜನ ನೋಡುತ್ತಿದ್ದರೂ ಅವಳು ಮೊಮ್ಮಗಳನ್ನು ಅಪ್ಪಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ಮನೆಗೆ ಬಂದವಳೇ ಹರೀಶನಿಗೆ ಹೇಳಿದಳು: "ನಾಳೆ ಕೆಲ್ಸಕ್ಕೆ ರಜೆ ಹಾಕಾ. ಕೂಸಿನ ಹೆಸ್ರು ಆರ್ನೇತ್ತಿಗೆ ಹಚ್ಚಿ ಬಾ."

ಬೆಳಿಗ್ಗೆ ಹರೀಶ ಹೊಸ ಅಂಗಿ ಹಾಕಿಕೊಂಡು ಮಗಳ ಕೈ ಹಿಡಿದು ಹೊರಟ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗು ಓದುವಾಗ ಒಮ್ಮೆ ಪಕ್ಕದಲ್ಲಿ ಕೂತುಕೊಳ್ಳಿ. ನಡುವಿನ ಒಂದು ಪದ ತೋರಿಸಿ ಪ್ರೀತಿಯಿಂದ ಕೇಳಿ. ಅಕ್ಷರ ಬಾರದವರು ಓದು ಬಲ್ಲ ಪಕ್ಕದ ಮನೆಯವರನ್ನು ಕರೆಯಿರಿ, ಅದರಲ್ಲಿ ನಾಚಿಕೆ ಏನಿದೆ? ಮಗು ಮತ್ತೆ ಮತ್ತೆ ತಡವರಿಸಿದರೆ ಕೈ ಎತ್ತಬೇಡಿ, ದಡ್ಡ ಎನ್ನಬೇಡಿ, ಶಾಲೆ ಬಿಡಿಸಲೇಬೇಡಿ. ಮಾಸ್ತರರಿಗೆ, ಅಂಗನವಾಡಿಯವರಿಗೆ, ಡಾಕ್ಟರಿಗೆ ಹೇಳಿ. ಒಂದು ಪುಟ್ಟ ತಲೆ ತನ್ನೊಳಗೆ ದಾರಿ ಕಡಿಯುತ್ತಿರುವಾಗ ನಾವು ಮಾಡಬೇಕಾದದ್ದು ಇಷ್ಟೇ: ಅದರ ಜೊತೆಗೆ ನಿಲ್ಲುವುದು.