ಟ್ಯಾಬಿಗೆ ಖಂಡೇಪೂಜೆ

ಗಂಟೆ ನಾಲ್ಕಾಯಿತು. ಶೈಲಶ್ರೀಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಮಗಳು ಸ್ಫೂರ್ತಿಯ ಪರೀಕ್ಷೆ ಹಬ್ಬ ಮುಗಿದ ಮೇಲೆ ಅಂದುಕೊಂಡಿದ್ದಳು. ಇವತ್ತೇ, ಅದೂ ಐದಕ್ಕೆ ಮುಚ್ಚುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದು ಈಗ. ಬರೆಯದಿದ್ದರೆ ಮಗಳ ವರ್ಷ ಮಣ್ಣುಪಾಲು. ಹಬ್ಬದ ದಿನ ಪರೀಕ್ಷೆ ಇಡುವ ಪುಣ್ಯಾತ್ಮರು ಎಲ್ಲಿಯವರೋ ಏನೋ! ಅದು ಮೊಬೈಲಿನಲ್ಲಿ ತೆರೆಯುವುದೂ ಇಲ್ಲ, ಟ್ಯಾಬೇ ಬೇಕು. ಟ್ಯಾಬು ನೋಡಿದರೆ ದೇವರ ಮುಂದೆ ಕುಡಗೋಲು, ಕಳೆ ತೆಗೆಯುವ ಕುರುಪಿಗಳ ನಡುವೆ ವಿಭೂತಿ ಹಚ್ಚಿಸಿಕೊಂಡು ಕೂತಿದೆ.

ಇದು ಅತ್ತೆ ಗುರವ್ವನ ಕೆಲಸ. ಹೊರ್ತಿ ಊರಿನ ಆ ಮನೆಯಲ್ಲಿ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ನೇಮ ಬಲು ಗಟ್ಟಿ. ಯಾರು ಯಾವುದರಿಂದ ದುಡಿಯುತ್ತಾರೋ ಅದನ್ನು ಪೂಜೆಗಿಟ್ಟು, ಮರುದಿನ ಬನ್ನಿ ಮುಡಿಯುವ ತನಕ ಮುಟ್ಟಬಾರದು. ಕಾಲಿಗೆ ಎರಡು ಸಲ ಆಪರೇಷನ್ ಆಗಿ, ಬಸ್ಸಿನ ಕುಲುಕಾಟ ತಡೆಯಲಾರದೆ ಮನೆಯಲ್ಲೇ ಓದುವ ಮೊಮ್ಮಗಳಿಗೆ ಟ್ಯಾಬೇ ಶಾಲೆ. ಅದಕ್ಕೇ ಮುದುಕಿ ಬೆಳಿಗ್ಗೆ ಅದನ್ನೂ ಎತ್ತಿಟ್ಟಿದ್ದಳು.

“ಟ್ಯಾಬ್ ತಗೊಂಡು ಪರೀಕ್ಷಾ ಬರಿ ಸ್ಫೂರ್ತಿ. ಪಾಪ ಬಂದ್ರ ನನಗ ಬರಲಿ.”

“ನಾ ಮುಟ್ಟಂಗಿಲ್ಲಬೇ. ಮುಟ್ಟಿದ್ರ ವಿದ್ಯಾ ಹತ್ತಂಗಿಲ್ಲಂತ ಆಯಿ ಹೇಳ್ಯಾಳ.”

ಎಲ್ಲಿಂದ ಬಂತಪ್ಪಾ ಈ ಹಟ! ಬೆನ್ನಿಗೊಂದು ಬಾರಿಸಬೇಕೆನಿಸಿತು ಶೈಲಶ್ರೀಗೆ, ಜೊತೆಗೆ ಅಳುವೂ ಬಂತು. ತಾನೇ ಟ್ಯಾಬಿಗೆ ಕೈಚಾಚಿದಳು.

“ಕೈ ತಗಿ,” ಬಾಗಿಲಲ್ಲಿ ಗುರವ್ವ. “ಅದರಾಗ ಕಲಿಯಾಕಿ ಅಕಿ, ಕಲಿಸಾಕಿ ನೀನು. ಇಬ್ಬರೂ ಮುಟ್ಟಂಗಿಲ್ಲ.”

“ವರ್ಷ ಹೋದ್ರ ನೀವು ತಿರುಗಿ ಕೊಡ್ತೀರೇನ್ರಿ ಅತ್ತಿ? ಕಾಲಂತೂ ಹೋತು, ಓದೂ ಹೋಗ್ಲೇನು?”

ಮದುವೆಯಾಗಿ ಬಂದಾಗಿನಿಂದ ಅತ್ತೆಯೆದುರು ಅವಳು ದನಿ ಏರಿಸಿದವಳಲ್ಲ. ಮುದುಕಿ ಮೊಮ್ಮಗಳ ಕಾಲು ನೋಡಿದಳು, ಗಡಿಯಾರ ನೋಡಿದಳು. ಮುಳ್ಳು ಕಾಣುತ್ತಿತ್ತು, ಅಂಕಿ ಅವಳಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಮಂಡಿ ಹಿಡಿದುಕೊಂಡು ಟ್ಯಾಬಿನ ಮುಂದೆ ಕೂತೇಬಿಟ್ಟಳು.

“ನಾ ಸಾಲಿ ಮಾರಿ ನೋಡಿದಾಕಿ ಅಲ್ಲ. ನನ್ನ ಕುರುಪಿ ಅಲ್ಲೈತಿ, ಅದನ್ನ ನಾ ಮುಟ್ಟಂಗಿಲ್ಲ. ಇದು ನನ್ನದಲ್ಲ, ಇದನ್ನ ಮುಟ್ಟಿದ್ರ ನನಗ್ಯಾವ ದೋಷ? ಎಲ್ಲಿ ಒತ್ತಲಿ, ಹೇಳ ಖೋಡಿ.”

ಸ್ಫೂರ್ತಿ ಟ್ಯಾಬನ್ನು ಮುಟ್ಟದೆ ಅದರೆದುರು ಕೂತು ಹೇಳಿಕೊಟ್ಟಳು. ಟ್ಯಾಬು ತೆರೆಯಿತು, ಆದರೆ ಮುಖ ಕಾಣುತ್ತಿಲ್ಲ ಎಂದು ತಕರಾರು ತೆಗೆಯಿತು. ಕ್ಯಾಮೆರಾದ ಮೇಲೆ ವಿಭೂತಿ! ಸೆರಗಿನಿಂದ ಒರೆಸಿದ್ದಾಯಿತು. ಈಗ ಇಬ್ಬರು ಕಾಣುತ್ತಿದ್ದಾರೆ ಎಂದಿತು. “ಆಯಿ, ಮಾರಿ ಆ ಕಡೆ ತಗಿ!” ಮುದುಕಿ ಗೋಡೆಗೆ ಸರಿದು ಕೈಯಷ್ಟೇ ಚಾಚಿದಳು. ರೊಟ್ಟಿ ಬಡಿದು ಬಡಿದು ಒರಟಾದ ಬೆರಳಿಗೆ ಗಾಜು ಓಗೊಡಲಿಲ್ಲ. ಬೆರಳನ್ನು ನೀರಿಗದ್ದಿ ಒರೆಸಿಕೊಂಡು ಮತ್ತೆ ಒತ್ತಿದಳು.

“ಮ್ಯಾಲಿಂದ ಎರಡನೇದ್ದು, ಆಯಿ. ಅದಲ್ಲ, ಅದರ ಕೆಳಗ!”

“ಅವಸರ ಮಾಡಬ್ಯಾಡ, ಒಂದೊಂದ ಎಣಿಸಿ ಒತ್ತತೀನಿ.”

ಶೈಲಶ್ರೀ ಒಳಗೂ ಹೊರಗೂ ಓಡಾಡಿದಳು. ಆಗಷ್ಟೇ ಪೇಟೆಯಿಂದ ಬಂದು ಅಂಗಳದಲ್ಲಿ ಟ್ರ್ಯಾಕ್ಟರಿಗೆ ಹೂವು ಕಟ್ಟುತ್ತಿದ್ದ ಗಂಡ ಸಿದ್ದಾರೂಢ “ಏನಾತ?” ಅಂದರೆ ಸುಮ್ಮನಿರ್ರಿ ಎಂದು ಗದರಿದಳು. ಯಾವ ಉತ್ತರ ಸರಿ, ಯಾವುದು ತಪ್ಪು, ಅವಳಿಗೆ ನೋಡುವ ಧೈರ್ಯವಿರಲಿಲ್ಲ.

ಐದು ಬಡಿಯುವ ಮೊದಲು ಕೊನೆಯ ಪ್ರಶ್ನೆಯೂ ಮುಗಿಯಿತು. ಉತ್ತರಗಳು ತಲುಪಿದವು ಎಂದು ಹಸಿರು ಅಕ್ಷರ ಮೂಡಿತು. ಸ್ಫೂರ್ತಿ ಕೂತಲ್ಲಿಂದಲೇ ಕಾಲೆಳೆದುಕೊಂಡು ಸರಿದು ಅಜ್ಜಿಯ ಕೊರಳಿಗೆ ಜೋತುಬಿದ್ದಳು. ಶೈಲಶ್ರೀ ಅತ್ತೆಯ ಕಾಲು ಮುಟ್ಟಲು ಬಗ್ಗಿದಳು.

“ತಪ್ಪಾತ್ರಿ ಅತ್ತಿ, ಸಿಟ್ಟಿನಾಗ ಏನೇನೋ ಅಂದೆ.”

ಗುರವ್ವನ ಕಣ್ಣು ಇನ್ನೂ ಆ ಹಸಿರು ಅಕ್ಷರದ ಮೇಲೆಯೇ ಇತ್ತು.

“ಅದಿರ್ಲಿ. ಬರೋ ವರ್ಷ ಖಂಡೇಪೂಜಿಗೆ ಒತ್ತಾಕ ಬ್ಯಾರೆ ಯಾರನ್ನರೆ ನೋಡ್ಕೋರಿ.”

“ಯಾಕ್ರಿ?”

“ಅಷ್ಟೊತ್ತಿಗೆ ನಾನೂ ಇದರಾಗ ಓದಾಕ ಕಲ್ತಿರ್ತೇನಿ,” ಅಂದಳು ಮುದುಕಿ. “ಆವಾಗ ನಾನೂ ಮುಟ್ಟಂಗಿಲ್ಲ.”